ಇಳಿಯಲು ಕಾಲು ಉಳಿಸಿಕೋ: ಕುಮಾರ ಪರ್ವತಕ್ಕೆ ಹೊರಟ ಗೆಳೆಯನಿಗೆ

ಪ್ರಿಯ ರಘು,

ಐದು ಜನ, ಡಿಸೆಂಬರಿನ ಒಂದು ಶನಿವಾರ, ಬೆಳಗಿನ ಬಸ್ಸಿನಿಂದಿಳಿದು ಸ್ನಾನ, ದರ್ಶನ, ತಿಂಡಿ ಮುಗಿಸಿ ಎಂಟೂವರೆಗೆ ಹತ್ತಲು ಶುರು, ಕತ್ತಲಾಗುವಷ್ಟರಲ್ಲಿ ವಾಪಸ್. ನಿನ್ನ ಲೆಕ್ಕ ಓದಿದೆ. ತಿಂಗಳು ಸರಿಯಾಗಿದೆ, ಜನವೂ ಸರಿ. ಎಂಟೂವರೆ ಮಾತ್ರ ಆಗುವ ಮಾತಲ್ಲ.

ಸುಬ್ರಹ್ಮಣ್ಯದ ಕಡೆಯಿಂದ ತುದಿಗೆ ಒಂದು ದಿಕ್ಕಿಗೆ 12-13 ಕಿ.ಮೀ. ತುದಿಯ ಎತ್ತರ 1,712 ಮೀಟರ್, ಕೊಡಗಿನಲ್ಲಿ ತಡಿಯಂಡಮೋಳ್ ಬಿಟ್ಟರೆ ಇದೇ ಎತ್ತರ. ಕುಕ್ಕೆ ಇರುವುದು ಘಟ್ಟದ ಬುಡದಲ್ಲಿ. ಅಂದರೆ ಒಂದೇ ದಿನದಲ್ಲಿ 1,500 ಮೀಟರಿಗೂ ಹೆಚ್ಚು ಏರಬೇಕು, ಅಷ್ಟನ್ನೂ ಇಳಿಯಬೇಕು. ನಂದಿಬೆಟ್ಟದ ಮೆಟ್ಟಿಲು ಹತ್ತಿದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಏರುವಾಗ ಎಲ್ಲರೂ ಹೇಗೋ ಏರುತ್ತಾರೆ. ಕಾಲು ಕೈಕೊಡುವುದು ಸಂಜೆ ನಾಲ್ಕರ ಮೇಲೆ, ದಾರಿಯ ನಡುವೆ ಸಿಗುವ ಗಿರಿಗದ್ದೆಯಿಂದ ಕೆಳಗಿನ ಕಾಡಿನಲ್ಲಿ. ಆದ್ದರಿಂದ ಇಡೀ ದಿನದ ಗಂಟೆಗಳನ್ನು ಹಿಂದಿನಿಂದ ಮುಂದಕ್ಕೆ ಎಣಿಸು.

ಡಿಸೆಂಬರಿನಲ್ಲಿ ಸಂಜೆ ಆರು ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ, ಮರಗಳ ಕೆಳಗೆ ಅದಕ್ಕೂ ಅರ್ಧ ಗಂಟೆ ಮೊದಲೇ ಮಬ್ಬು. ಗಿರಿಗದ್ದೆಯಿಂದ ಕೆಳಕ್ಕೆ ದಣಿದ ಕಾಲಿಗೆ ಎರಡು, ಎರಡೂವರೆ ಗಂಟೆ ಬೇಕು. ಹಾಗಾದರೆ ಅಲ್ಲಿಂದ ಮೂರೂವರೆಗಾದರೂ ಹೊರಡಬೇಕು. ತುದಿಯಿಂದ ಗಿರಿಗದ್ದೆಗೆ ಎರಡೂವರೆ ಗಂಟೆ. ಹಾಗಾಗಿ ಮಧ್ಯಾಹ್ನ ಒಂದು ಗಂಟೆಗೆ ನೀವು ಎಲ್ಲೇ ಇರಿ, ತುದಿ ಕಣ್ಣೆದುರೇ ಇರಲಿ, ಅಲ್ಲಿಂದಲೇ ತಿರುಗಬೇಕು. ಇದನ್ನು ಹಿಂದಿನ ರಾತ್ರಿಯೇ ಐವರೂ ಒಪ್ಪಿಕೊಂಡಿರಬೇಕು. ತುದಿಗೆ ಮೊದಲು ಸಿಗುವ ಶೇಷ ಪರ್ವತದ ಮೇಲೆ ನಿಂತು ಚರ್ಚೆಗೆ ಕೂತರೆ ‘ಇಷ್ಟು ದೂರ ಬಂದು…’ ಎನ್ನುವವನೇ ಗೆಲ್ಲುತ್ತಾನೆ. ಏರಲು ಆರೂವರೆ ಗಂಟೆ ಹಿಡಿದರೆ ಬೆಳಿಗ್ಗೆ ಆರು, ಆರೂವರೆಗೆ ಹೆಜ್ಜೆ ಹಾಕಿರಬೇಕು. ಅದಕ್ಕೆ ಶುಕ್ರವಾರ ಸಂಜೆಯೇ ಕುಕ್ಕೆ ಮುಟ್ಟಿ ಮಲಗಿ. ರೈಲಿನಲ್ಲಿ ಬರುವುದಾದರೆ ಸುಬ್ರಹ್ಮಣ್ಯ ರೋಡ್ ನಿಲ್ದಾಣ ಇರುವುದು ನೆಟ್ಟಣದಲ್ಲಿ, ದೇವಸ್ಥಾನಕ್ಕೆ ಸುಮಾರು 12 ಕಿ.ಮೀ.; ಜೀಪು, ಬಸ್ಸು ಸಿಗುತ್ತವೆ. ಇನ್ನೊಂದು, ಪಂಚಾಂಗ ನೋಡು. ಮಾರ್ಗಶಿರ ಶುದ್ಧ ಷಷ್ಠಿ, ಅಂದರೆ ಚಂಪಾ ಷಷ್ಠಿ, ಆ ವಾರವೇ ಬಿದ್ದರೆ ರೂಮಿನ ಆಸೆ ಬಿಡು, ವಾರ ಬದಲಿಸು.

ಟಿಕೆಟ್ ಇಲ್ಲದೆ ಹೊರಡಬೇಡ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಸಾವಿರಾರು ಜನ ಒಟ್ಟಿಗೆ ನುಗ್ಗಿದ ಮೇಲೆ ಚಾರಣ ನಿಲ್ಲಿಸಿ, ಆಮೇಲೆ ಆನ್‌ಲೈನ್ ಬುಕಿಂಗ್ ತಂದರು. ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ದಿನಕ್ಕೆ ಇಷ್ಟೇ ಜನ ಎಂಬ ಮಿತಿಯಿದೆ, ಶನಿವಾರ-ಭಾನುವಾರದ್ದು ಬೇಗ ಮುಗಿಯುತ್ತದೆ. ಬುಕ್ ಮಾಡುವಾಗ ಕೊಟ್ಟ ಗುರುತಿನ ಚೀಟಿಯನ್ನೇ ಐವರೂ ಇಟ್ಟುಕೊಳ್ಳಿ. ಹತ್ತುವ ಕಡೆ ಯಾವುದು, ಕುಕ್ಕೆಯೋ ಬೆಟ್ಟದ ಆಚೆ ಬದಿಯ ಬೀದಳ್ಳಿಯೋ ಎಂಬುದನ್ನು ಎರಡು ಸಲ ನೋಡಿ ಒತ್ತು. ಗೇಟು ತೆರೆಯುವ ಹೊತ್ತನ್ನೂ ವಿಚಾರಿಸಿಕೋ. ತೆರೆದ ಕೂಡಲೇ ಒಳಗೆ ಹೋಗುವ ಮೊದಲ ಗುಂಪು ನಿಮ್ಮದಾಗಲಿ. ತುದಿಯಲ್ಲಿ ಟೆಂಟ್ ಹಾಕುವಂತಿಲ್ಲ, ಬೆಂಕಿ ಹಾಕುವಂತಿಲ್ಲ. ಗಿರಿಗದ್ದೆಯಲ್ಲಿ ರಾತ್ರಿ ತಂಗುವ ನಿಯಮ ಆಗಾಗ ಬದಲಾಗಿದೆ. ಫೋನಿನಲ್ಲಿ ಕೇಳಿ, ಬಿಡುತ್ತಾರೆಂದರೆ ಕಣ್ಣು ಮುಚ್ಚಿ ಎರಡು ದಿನದ ಚಾರಣ ಮಾಡು. ಮೊದಲ ದಿನ ಗಿರಿಗದ್ದೆವರೆಗೆ, ಮರುದಿನ ಬೆಳಕು ಹರಿಯುತ್ತಲೇ ತುದಿಗೆ. ಕಾಲಿಗೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಇನ್ನು ದಾರಿ. ಕಾಶಿಕಟ್ಟೆ ದಾಟಿ ದೇವರಗದ್ದೆಯ ಕಡೆ ಹೋದರೆ ಕಾಡಿನ ಬಾಯಿ. ಅಲ್ಲಿಂದ ಗಿರಿಗದ್ದೆವರೆಗೆ ಐದಾರು ಕಿ.ಮೀ. ದಟ್ಟ ಕಾಡು, ಬೇರುಗಳೇ ಮೆಟ್ಟಿಲು. ನೆರಳಿದೆ ಎಂದು ಇಲ್ಲಿ ಓಡುವವರೇ ಮಧ್ಯಾಹ್ನ ಕೂರುವವರು. ಗಾಳಿ ಆಡದ ಜಾಗ, ಡಿಸೆಂಬರಿನಲ್ಲೂ ಅಂಗಿ ಹಿಂಡುವಷ್ಟು ಬೆವರು. ಬಾಯಾರುವ ಮೊದಲೇ ಮೈಯ ನೀರು ಹೋಗಿರುತ್ತದೆ. ಮಾತಾಡುತ್ತಾ ನಡೆಯಲು ಆಗುವಷ್ಟೇ ವೇಗ ಇರಲಿ. ಭೀಮನ ಬಂಡೆಯ ಹತ್ತಿರ ಹತ್ತು ನಿಮಿಷ ಕೂತು ಏಳಿ, ಚೀಲ ಬಿಚ್ಚಿ ಹರಡಿಕೊಳ್ಳಬೇಡಿ.

ಕಾಡು ಮುಗಿದು ಬಯಲು ತೆರೆದಲ್ಲಿ ಭಟ್ಟರ ಮನೆ. ಅನ್ನ, ಸಾಂಬಾರು, ಮಜ್ಜಿಗೆ. ಐದು ಜನ ಇಂಥ ಹೊತ್ತಿಗೆ ಬರುತ್ತೇವೆಂದು ಮೊದಲೇ ತಿಳಿಸುವುದು ಒಳ್ಳೆಯದು, ಸಾಮಾನೆಲ್ಲ ಹೊತ್ತೇ ತರಬೇಕಾದ ಮನೆ ಅದು. ಹೋಗುವಾಗ ಅರ್ಧ ಹೊಟ್ಟೆ, ಬರುವಾಗ ಪೂರ್ತಿ. ಸಾಂಬಾರಿನ ರುಚಿಗೆ ಸೋತು ಎರಡನೇ ಸಲ ಬಡಿಸಿಕೊಂಡು ಏರಿದರೆ ಮುಂದಿನ ಗಂಟೆ ಮೈ ಎಳೆಯುತ್ತದೆ.

ಅಲ್ಲಿಂದ ಸ್ವಲ್ಪ ಮೇಲೆ ಅರಣ್ಯ ಇಲಾಖೆಯ ಚೆಕ್‌ಪೋಸ್ಟ್. ಇಲ್ಲಿ ನೀರಿನ ಲೆಕ್ಕ ಕಟ್ಟುನಿಟ್ಟು. ಗಿರಿಗದ್ದೆ ಬಿಡುವಾಗ ತಲೆಗೆ ಮೂರು ಲೀಟರ್ ತುಂಬಿಸಿಕೊಳ್ಳಿ. ಮುಂದೆ ಎರಡು, ಎರಡೂವರೆ ತಾಸು ನೆರಳಿಲ್ಲದ ಹುಲ್ಲುಗಾವಲು. ಕಲ್ಲು ಮಂಟಪದ ಬಳಿ ತೊರೆಯಿದೆ, ಮಳೆ ಚೆನ್ನಾಗಿದ್ದ ವರ್ಷ ಡಿಸೆಂಬರಿನಲ್ಲೂ ಹರಿಯುತ್ತದೆ, ಬೇಸಿಗೆಯ ಹೊತ್ತಿಗೆ ಬತ್ತುತ್ತದೆ. ಅದು ಸಿಕ್ಕರೆ ಲಾಭ. ಅದನ್ನು ನಂಬಿ ಬಾಟಲಿ ಖಾಲಿ ಒಯ್ಯಬೇಡ. ಮೂರು ಲೀಟರ್ ಎಂದರೆ ಮೂರು ಕಿಲೋ, ಬೆನ್ನಿಗೆ ಅಂಟಿಕೊಂಡಂತೆ, ಚೀಲದ ನಡುಭಾಗದಲ್ಲಿ ಇರಲಿ. ಚೀಲದ ಹೊರಗೆ ನೇತುಬಿದ್ದ ಬಾಟಲಿ ಬಂಡೆಯ ಮೇಲೆ ನಿನ್ನನ್ನು ಹಿಂದಕ್ಕೆ ಜಗ್ಗುತ್ತದೆ. ಒಬ್ಬೊಬ್ಬರಿಗೆ ಎರಡು ಪೊಟ್ಟಣ ಓಆರ್‌ಎಸ್. ದೊಡ್ಡ ಪೊಟ್ಟಣ ಒಂದು ಲೀಟರಿಗೆ, ಪೂರ್ತಿ ಒಂದು ಲೀಟರಿಗೇ. ಅರ್ಧ ಬಾಟಲಿಗೆ ಇಡೀ ಪೊಟ್ಟಣ ಸುರಿದು ಗಟ್ಟಿಯಾಗಿ ಕುಡಿದರೆ ಬಾಯಾರಿಕೆ ಹೆಚ್ಚಾಗಿ ಹೊಟ್ಟೆ ತೊಳೆಸುತ್ತದೆ.

ಕಲ್ಲು ಮಂಟಪ ಎಂದರೆ ನಾಲ್ಕು ಕಲ್ಲುಕಂಬದ ಪುಟ್ಟ ಮಂಟಪ, ಅಷ್ಟೇ. ಅಲ್ಲಿ ಗಡಿಯಾರ ನೋಡಿ. ಹನ್ನೊಂದೂಕಾಲು ದಾಟಿದ್ದರೆ ತುದಿಯ ಆಸೆ ಅಲ್ಲೇ ಬಿಟ್ಟು ಶೇಷ ಪರ್ವತದವರೆಗೆ ಹೋಗಿ ಬನ್ನಿ, ನಷ್ಟವೇನೂ ಇಲ್ಲ. ನೋಟದ ಮಟ್ಟಿಗೆ ಕುಮಾರ ಪರ್ವತಕ್ಕಿಂತ ಶೇಷ ಪರ್ವತವೇ ಒಂದು ಕೈ ಮೇಲು ಎನ್ನುತ್ತೇನೆ ನಾನು. ಮೋಸ ಇರುವುದೂ ಅಲ್ಲೇ. ಕೆಳಗಿನಿಂದ ಅದೇ ತುದಿ ಎಂದು ಕಾಣುತ್ತದೆ, ಹತ್ತಿ ನಿಂತರೆ ಆಚೆ ಇನ್ನೊಂದು ಬೆಟ್ಟ. ನಡುವೆ ಇಳಿದು, ಶೋಲಾ ಕಾಡು (ಬೆಟ್ಟದ ಮಡಿಲಿನ ದಟ್ಟ ಕಾಡು) ಹೊಕ್ಕು, ಮತ್ತೆ ಏರಬೇಕು. ಆ ಇಳಿಜಾರನ್ನು ವಾಪಸ್ ಬರುವಾಗ ಏರಬೇಕು ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಆ ಶೋಲಾ ದಾಟಿದ ಮೇಲೆ ಒಂದು ಬಂಡೆ ಇದೆ, ಅದರ ಬಗ್ಗೆ ನಿಧಾನವಾಗಿ ಹೇಳುತ್ತೇನೆ. ಓರೆಯಾದ ಹಾಸುಬಂಡೆ, ಬೆಳಗಿನ ಮಂಜಿಗೋ ಹಿಂದಿನ ದಿನದ ಮಳೆಗೋ ಒದ್ದೆಯಾಗಿರುತ್ತದೆ. ಕಪ್ಪಗೆ ಹೊಳೆಯುವ ಪಟ್ಟಿ ಕಂಡರೆ ಅದು ಪಾಚಿ, ಅಲ್ಲಿ ಯಾವ ಬ್ರಾಂಡಿನ ಶೂ ಆದರೂ ಜಾರುತ್ತದೆ. ಬಿಳಿಚಿಕೊಂಡ, ಒರಟಾದ ಒಣ ಕಲ್ಲು ಹುಡುಕಿ ಹೆಜ್ಜೆ ಇಡಿ. ಬಂಡೆಗೆ ಬರುವ ಮೊದಲೇ ಚಾರಣದ ಕೋಲು ಮಡಚಿ ಚೀಲಕ್ಕೆ ಸಿಕ್ಕಿಸಿ, ಎರಡು ಕೈಯೂ ಖಾಲಿ ಇರಲಿ. ಚೀಲದ ಸೊಂಟದ ಪಟ್ಟಿ ಬಿಗಿ ಮಾಡಿ. ಹೆದರಿಕೆಗೆ ಎಲ್ಲರೂ ಬಂಡೆಗೆ ಮೈ ಅಂಟಿಸಿ ತೆವಳುತ್ತಾರೆ. ಹಾಗೆ ಮಾಡಿದರೆ ಪಾದದ ಮೇಲಿನ ಭಾರ ತಪ್ಪಿ ಶೂ ಅಟ್ಟೆಯ ಹಿಡಿತ ಬಿಡುತ್ತದೆ. ಮೈ ಸ್ವಲ್ಪ ಹೊರಗಿರಲಿ, ಭಾರ ಪಾದದ ಮೇಲಿರಲಿ, ಹೆಜ್ಜೆ ಚಿಕ್ಕದಿರಲಿ. ಒಬ್ಬ ಮೇಲೆ ಮುಟ್ಟಿದ ಮೇಲೆ ಇನ್ನೊಬ್ಬ. ಇಳಿಯುವಾಗ ಕಡಿದಾದ ಕಡೆ ಬಂಡೆಗೆ ಮುಖ ಮಾಡಿ, ಏಣಿ ಇಳಿದಂತೆ. ನಾಚಿಕೆ ಬಿಟ್ಟು ಕೂತು ಜಾರಿದರೂ ತಪ್ಪಿಲ್ಲ, ಪ್ಯಾಂಟ್ ಹಳೆಯದಿರಲಿ.

ತುದಿಯಲ್ಲಿ ಗಾಳಿ. ಕುಕ್ಕೆಗಿಂತ ಒಂಬತ್ತು ಹತ್ತು ಡಿಗ್ರಿ ತಂಪು, ಮೇಲೆ ಬೆವರಿದ ಅಂಗಿ. ಹತ್ತಿಯ ಬನಿಯನ್ನು ಒಣಗುವುದೇ ಇಲ್ಲ, ಮೈಗಂಟಿ ನಡುಕ ಹುಟ್ಟಿಸುತ್ತದೆ. ಬೇಗ ಒಣಗುವ ಜೆರ್ಸಿ ಬಟ್ಟೆ ಹಾಕಿ, ಇನ್ನೊಂದು ಒಣ ಅಂಗಿ ಚೀಲದಲ್ಲಿಟ್ಟು ಮೇಲೆ ಹೋದ ತಕ್ಷಣ ಬದಲಿಸಿ. ಮಂಜು ಕವಿದು ಹುಲ್ಲಿನಲ್ಲಿ ದಾರಿ ಕಾಣದಾದರೆ ಎಲ್ಲರೂ ಒಂದೇ ಕಡೆ ಕೂತು ಕಾಯಿರಿ. ‘ನಾನು ನೋಡಿ ಬರುತ್ತೇನೆ’ ಎಂದು ಒಬ್ಬನನ್ನು ಬಿಡಬೇಡ. ಗುಡುಗು ಕೇಳಿದರೆ ಶೇಷ ಪರ್ವತದ ಏಣು ಬಿಟ್ಟು ಕೂಡಲೇ ಇಳಿಯಿರಿ, ಆ ಏಣಿನ ಮೇಲೆ ನಿಮಗಿಂತ ಎತ್ತರದ ವಸ್ತು ಇನ್ನೇನೂ ಇಲ್ಲ.

ಈಗ ಇಳಿತ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಉದ್ದವಾಗುತ್ತಲೇ ಭಾರ ತಡೆಯಬೇಕು, ಅದಕ್ಕೇ ಮರುದಿನ ಮೆಟ್ಟಿಲು ಇಳಿಯಲು ಆಗುವುದಿಲ್ಲ. ನಿನ್ನ ಆಫೀಸಿನಲ್ಲಿ ಮೆಟ್ಟಿಲು ಹತ್ತಿ ಲಿಫ್ಟಿನಲ್ಲಿ ಇಳಿಯುತ್ತೀಯಲ್ಲ, ಈಗ ಉಲ್ಟಾ ಮಾಡು. ಐದಾರು ವಾರ, ವಾರಕ್ಕೆ ನಾಲ್ಕು ದಿನ, ಚೀಲದಲ್ಲಿ ನಾಲ್ಕೈದು ಕಿಲೋ ಇಟ್ಟು ಇಳಿಯುವುದನ್ನೇ ಹೆಚ್ಚು ಮಾಡು. ಕೋಲು ತಲೆಗೆರಡು. ಏರುವಾಗ ಮೊಣಕೈ ಲಂಬಕೋನಕ್ಕೆ ಬರುವಷ್ಟು ಉದ್ದ, ಇಳಿಯುವಾಗ ಐದರಿಂದ ಹತ್ತು ಸೆಂಟಿಮೀಟರ್ ಹೆಚ್ಚು. ಮೊದಲು ಕೋಲು ಕೆಳಗೆ ಊರಿ, ಆಮೇಲೆ ಪಾದ.

ಕಾಲುಬೆರಳ ಉಗುರು ಕಪ್ಪಾಗಿ ಉದುರುವುದು ಪಾದ ಮುಂದಕ್ಕೆ ಜಾರಿ ಶೂ ಮೂತಿಗೆ ಬಡಿಯುವುದರಿಂದ. ಮೂರು ದಿನ ಮೊದಲೇ ಉಗುರು ಕತ್ತರಿಸು. ಗಿರಿಗದ್ದೆಯಲ್ಲಿ ಇಳಿಯುವ ಮೊದಲು ಲೇಸ್ ಬಿಚ್ಚಿ ಹೀಗೆ ಕಟ್ಟು: ಲೇಸಿನ ತುದಿಯನ್ನು ಅದೇ ಬದಿಯ ಕಟ್ಟಕಡೆಯ ತೂತಿಗೆ ಹೊರಗಿನಿಂದ ಒಳಕ್ಕೆ ತೂರಿಸಿ ಸಣ್ಣ ಕುಣಿಕೆ ಉಳಿಸು, ಎರಡೂ ಬದಿ. ಎಡದ ತುದಿಯನ್ನು ಬಲಗಡೆ ಕುಣಿಕೆಗೆ, ಬಲದ್ದನ್ನು ಎಡಕ್ಕೆ ಹಾಕಿ, ಹಿಮ್ಮಡಿಯನ್ನು ನೆಲಕ್ಕೆ ಒಮ್ಮೆ ಕುಟ್ಟಿ ಹಿಂದಕ್ಕೆ ಕೂರಿಸಿ, ಆಮೇಲೆ ಬಿಗಿದು ಗಂಟು ಹಾಕು. ಹಿಮ್ಮಡಿ ಅಲ್ಲೇ ಕೂರುತ್ತದೆ. ಹೊಸ ಶೂ ಕೊಂಡವನು ಕನಿಷ್ಠ 40-50 ಕಿ.ಮೀ. ಅದರಲ್ಲೇ ನಡೆದಿರಲಿ. ಪಾದ ಎಲ್ಲಾದರೂ ಬಿಸಿಯಾಯಿತು ಅನ್ನಿಸಿದರೆ ಗುಳ್ಳೆ ಏಳುವ ಮೊದಲೇ ನಿಂತು ಟೇಪ್ ಅಂಟಿಸಬೇಕು.

ಇಂಬಳ (ಜಿಗಣೆ) ಡಿಸೆಂಬರಿಗೆ ಬಯಲಿನಲ್ಲಿ ಇರುವುದಿಲ್ಲ, ಕಾಡಿನ ಒದ್ದೆ ತರಗೆಲೆಯಲ್ಲಿ ಅಲ್ಲೊಂದು ಇಲ್ಲೊಂದು. ಉಪ್ಪಿನ ಸಣ್ಣ ಗಂಟು ಸಾಕು. ಆನೆ ಲದ್ದಿ ಹಸಿಯಾಗಿದ್ದರೆ ಮಾತು ನಿಲ್ಲಿಸಿ, ಗುಂಪಾಗಿ ನಿಂತು ಕಿವಿಗೊಡಿ. ಇದು ಪುಷ್ಪಗಿರಿ ಅಭಯಾರಣ್ಯ, ಪಾರ್ಕ್ ಅಲ್ಲ. ಪ್ಲಾಸ್ಟಿಕ್ ತಂದಷ್ಟೂ ವಾಪಸ್, ಕಿತ್ತಳೆ ಸಿಪ್ಪೆಯೂ ಸೇರಿ.

ನಿನ್ನ ಭಾವಮೈದನಿಗೆ ಮೊಣಕಾಲು ನೋವು ಎಂದಿದ್ದೀಯ. ಸೋಮವಾರಪೇಟೆ ಕಡೆಯ ಬೀದಳ್ಳಿಯಿಂದ ಹತ್ತಿದರೆ ಒಂದು ದಿಕ್ಕಿಗೆ ಆರೇಳು ಕಿ.ಮೀ. ಅಷ್ಟೇ, ಶುರುವಾಗುವುದೂ ಎತ್ತರದಲ್ಲಿ. ಕಡಿದು ಅಲ್ಲೂ ಇದೆ, ಆದರೆ ಇಳಿತ ಅರ್ಧಕ್ಕಿಂತ ಕಡಿಮೆ. ಅವನನ್ನು ಬಿಡಲು ಮನಸ್ಸಿಲ್ಲದಿದ್ದರೆ ಐವರೂ ಆ ಕಡೆಯಿಂದಲೇ ಹೋಗಿ ಅದೇ ಕಡೆ ಇಳಿಯಿರಿ. ಒಂದು ಕಡೆ ಹತ್ತಿ ಇನ್ನೊಂದು ಕಡೆ ಇಳಿದರೆ ಗಾಡಿ ಬೆಟ್ಟದ ಆಚೆ ಉಳಿಯುತ್ತದೆ, ಘಟ್ಟ ಸುತ್ತಿ ಹೋಗಿ ತರಬೇಕು.

ಕುಕ್ಕೆಯೇ ಆದರೆ ಹೆಡ್‌ಲ್ಯಾಂಪ್ ಐದು, ಬೇರೆ ಸೆಲ್ ಐದು ಜೊತೆ. ಮೊಬೈಲ್ ಟಾರ್ಚ್ ನಂಬಿದರೆ ಒಂದು ಕೈ ಅದಕ್ಕೇ ಹೋಗುತ್ತದೆ. ವಾಪಸ್ಸಿನ ಸೀಟನ್ನು ಶನಿವಾರ ರಾತ್ರಿ ಹತ್ತರ ಮೇಲಿನ ಬಸ್ಸಿಗೆ ಹಿಡಿ, ಸಾಧ್ಯವಾದರೆ ಭಾನುವಾರಕ್ಕೇ ಹಿಡಿ. ಕೋಲು ಎಷ್ಟು ಕಡಿಮೆ ಬೀಳುತ್ತದೆ ಅಂತ ಬರೆ, ನನ್ನ ಹತ್ತಿರ ಎರಡು ಜೊತೆ ಇವೆ, ಪುತ್ತೂರಿನ ಬಸ್ಸಿಗೆ ಹಾಕಿ ಕಳಿಸುತ್ತೇನೆ.

ನಿನ್ನ,
ಗಣಪ