ಗೆಳೆಯನಿಗೊಂದು ಪತ್ರ: ಹಳ್ಳ ದಾಟದ ಕರೆಂಟು

ದೋಸ್ತಾ,

ಹೇಗಿದ್ದೀಯ ಅಂತ ಕೇಳುವುದಿಲ್ಲ. ಮೊನ್ನೆ ಫೋನಿನಲ್ಲಿ ನಿನ್ನ ಕೆಮ್ಮು ಕೇಳಿಯೇ ಗೊತ್ತಾಯಿತು. ಹಾವೇರಿಯ ಚಳಿಗಾಳಿಯಲ್ಲಿ ಕಿವಿ ಮುಚ್ಚಿಕೊಳ್ಳದೆ ಓಡಾಡಬೇಡ. ಮನೆಯವರು ಮಾಡಿಕೊಟ್ಟ ಕಷಾಯವನ್ನು ತುಳಸಿ ಗಿಡಕ್ಕೆ ಹಾಕಬೇಡ. ಆ ಗಿಡದ ಕತೆ ನನಗೆ ಗೊತ್ತಿದೆ.

ಈ ಪತ್ರವನ್ನು ನಿನ್ನೊಬ್ಬನಿಗೇ ಕಳಿಸಬಹುದಿತ್ತು. ಆದರೆ ಹೋದ ವಾರ 'ನಮ್ಮೂರಿಗೆ ಕರೆಂಟ್ ಬಂದ ದಿನ' ಅಂತ ನಾನು ಬರೆದದ್ದನ್ನು ಎಲ್ಲರೂ ಓದಿದ್ದಾರೆ. ಇದನ್ನೂ ಅವರು ಓದಲಿ. ಬಹಳ ಜನ ಖುಷಿಪಟ್ಟರು, ತಮ್ಮೂರಿನ ನೆನಪು ಹೇಳಿದರು. ನೀನು ಮಾತ್ರ ಎರಡೇ ಪದ ಕಳಿಸಿದೆ. 'ಯಾವ ಊರಿಗೆ?'

ಮೊದಲು ತಮಾಷೆ ಅಂದುಕೊಂಡೆ. ರಾತ್ರಿ ಮಲಗಿದ ಮೇಲೆ ಅದು ತಮಾಷೆ ಅಲ್ಲ ಅನ್ನಿಸಿತು. ಅಂದಿನಿಂದ ಸರಿಯಾಗಿ ನಿದ್ದೆ ಇಲ್ಲ.

ನಾನು ಬರೆದದ್ದು ಸುಳ್ಳಲ್ಲ, ಅಲ್ವಾ? ನಾವು ಐದನೇ ಈಯತ್ತೆ. ನಾಡಿಗೆ ಕರ್ನಾಟಕ ಅಂತ ಹೆಸರಾಗಿ ಒಂದು ವರ್ಷ ಆಗಿರಬೇಕು. ರೋಣದ ಕಡೆಯಿಂದ ಕಂಬಗಳು ಚಕ್ಕಡಿಯಲ್ಲಿ ಬಂದವು. ನಾವಿಬ್ಬರೂ ಸಾಲಿ ತಪ್ಪಿಸಿ ಚಕ್ಕಡಿ ಹಿಂದೆ ಓಡಿದ್ದೆವು. ಎರಿ ಮಣ್ಣಿನಲ್ಲಿ ಗುಂಡಿ ತೋಡುವವರು ಬೆವರು ಸುರಿಸುತ್ತಿದ್ದರು. ಅಗಸಿ ಹತ್ತಿರ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಕೂರಿಸಿದರು. ಅದಕ್ಕೂ ಕುಂಕುಮ ಹಚ್ಚಿ ಕಾಯಿ ಒಡೆದರು. ಮುಸ್ಸಂಜೆಗೆ ಚಾವಡಿಯ ಬಲ್ಬ್ ಹತ್ತಿತು. ಹೆಂಗಸರು ದೇವರ ಮುಂದೆ ದೀಪ ಹಚ್ಚಿದಾಗ ಮುಗಿಯುವಂತೆಯೇ ಕೈ ಮುಗಿದರು.

ನಮ್ಮ ಮನೆಯಲ್ಲಿ ಮೂರು ಬಲ್ಬ್. ಆ ರಾತ್ರಿ ಅವ್ವ ಖುಷಿಯಾಗಲಿಲ್ಲ. ಕಂದೀಲಿನ ಬೆಳಕಲ್ಲಿ ಎಂದೂ ಕಾಣದ ಮಸಿ ಈಗ ಜಂತಿಯಿಂದ ನೆಲದವರೆಗೂ ಕಂಡಿತ್ತು. 'ಇಷ್ಟು ವರ್ಷ ಇಂಥಾ ಮನ್ಯಾಗ ಅಡಿಗಿ ಮಾಡೀನೇನ' ಅಂತ ಗೋಡೆ ನೋಡುತ್ತಾ ನಿಂತಿದ್ದಳು. ಮಾರನೇ ದಿನವೇ ಸುಣ್ಣ ತರಿಸಿದಳು. ಅಜ್ಜಿಗೆ ಮಾತ್ರ ಬಲ್ಬಿನ ಮೇಲೆ ನಂಬಿಕೆ ಬರಲಿಲ್ಲ. ದಿನಾ ಸಂಜೆ ಕಂದೀಲಿನ ಗಾಜಿಗೆ ಬೂದಿ ಹಾಕಿ ಒರೆಸಿ, ಎಣ್ಣೆ ತುಂಬಿಸಿ, ಗೂಟಕ್ಕೆ ತೂಗುಹಾಕುತ್ತಿದ್ದಳು. ಅವಳು ಮಾಡಿದ್ದೇ ಸರಿ. ಕರೆಂಟ್ ಇದ್ದ ರಾತ್ರಿಗಿಂತ ಇಲ್ಲದ ರಾತ್ರಿಯೇ ಜಾಸ್ತಿ ಇತ್ತು.

ಆಮೇಲೆ ಹಿಟ್ಟಿನ ಗಿರಣಿ ಬಂತು. ನಸುಕಿನಲ್ಲಿ ಬೀಸುವ ಕಲ್ಲಿನ ಸದ್ದು ನಿಂತಿತು. ಹಾಡೂ ನಿಂತವು. ನಾನು ಹಾಡು ನಿಂತದ್ದಕ್ಕೆ ಬೇಜಾರು ಅಂತ ಬರೆದಿದ್ದೆ. ಅದನ್ನು ಓದಿದ ನನ್ನ ಅಕ್ಕ ಫೋನ್ ಮಾಡಿ, 'ನೀ ಬೀಸಿದ್ರ ಗೊತ್ತಾಗ್ತಿತ್ತು' ಅಂದಳು. ಅವಳ ಅಂಗೈ ನೆನಪಿದೆ. ಆ ಸಾಲನ್ನು ತೆಗೆದುಹಾಕಿದ್ದೇನೆ.

ಇಷ್ಟೆಲ್ಲ ಬರೆದವನು ಹಳ್ಳದ ಆಚೆ, ನಿಮ್ಮ ಕೇರಿಯಲ್ಲಿ, ಏನಾಯಿತು ಅಂತ ಒಂದು ಸಾಲೂ ಬರೆಯಲಿಲ್ಲ.

ನಿನ್ನ ಪ್ರಶ್ನೆ ಹಿಡಿದುಕೊಂಡು ಈ ವಾರ ಹಳೆಯದನ್ನೆಲ್ಲ ಓದುತ್ತಾ ಕೂತೆ. ಎಲ್ಲಿ ನೋಡಿದರೂ ಅದೇ ಪ್ರಶ್ನೆ. 1902ರಲ್ಲಿ ಶಿವನಸಮುದ್ರದಲ್ಲಿ ಕರೆಂಟ್ ಹುಟ್ಟಿತು ಅಂತ ನೀನು ಮಕ್ಕಳಿಗೆ ಪಾಠ ಮಾಡಿದ್ದೀಯ. ಅದು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ, ಸುಮಾರು 147 ಕಿಲೋಮೀಟರ್. ನಡುವೆ ಇದ್ದ ಹಳ್ಳಿಗಳ ತಲೆಯ ಮೇಲೆ ತಂತಿ ಹಾದುಹೋಯಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದೇ 1905ರಲ್ಲಿ. ನಮ್ಮ ಧಾರವಾಡ ಸೀಮೆ ಆಗ ಮುಂಬೈ ಪ್ರಾಂತ್ಯದಲ್ಲಿ, ಮೈಸೂರಿನ ಬೆಳಕು ಮೈಸೂರಿಗೆ. 1956ರಲ್ಲಿ ನಾಡು ಒಂದಾಯಿತು. ಮರುವರ್ಷ ವಿದ್ಯುತ್ ಮಂಡಳಿ ಆಯಿತು. 1964ರಲ್ಲಿ, ಕರೆಂಟಿಗಾಗಿ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಶರಾವತಿಯ ನೀರಿನಲ್ಲಿ ಸಾಗರ, ಹೊಸನಗರ ತಾಲೂಕಿನ ಊರುಗಳು ಮುಳುಗಿದವು. ನಮ್ಮ ಅವ್ವ ಮಸಿ ನೋಡಿದ ಬೆಳಕಿಗೆ ಯಾರದೋ ಅಡುಗೆಮನೆ ನೀರಿನಡಿ ಹೋಗಿತ್ತು. ಇದನ್ನು ನಾನು ಈ ವಯಸ್ಸಿನವರೆಗೂ ಜೋಡಿಸಿ ನೋಡಿರಲಿಲ್ಲ.

ಇನ್ನೊಂದು ಸಂಗತಿ ಓದಿ ಕುರ್ಚಿಯಿಂದ ಎದ್ದೇ ಬಿಟ್ಟೆ. ನಮ್ಮ ಕಾಲದ ಸರ್ಕಾರಿ ಲೆಕ್ಕ ಹೀಗಿತ್ತು: ಊರಿನ ಕಂದಾಯ ಗಡಿಯೊಳಗೆ ಯಾವುದೇ ಕೆಲಸಕ್ಕೆ ಕರೆಂಟ್ ಬಳಸಿದರೂ ಸಾಕು, ಆ ಊರು ವಿದ್ಯುತ್ ಬಂದ ಊರು. ಒಂದು ಹೊಲದ ಪಂಪ್‌ಸೆಟ್ ಓಡಿದರೂ ಆಯಿತು. 1997ರಲ್ಲಿ ಜನ ವಾಸ ಮಾಡುವ ಜಾಗದಲ್ಲಿ ಬಳಕೆ ಇರಬೇಕು ಅಂದರು. 2004ರಲ್ಲಿ ಸಾಲಿ, ಪಂಚಾಯ್ತಿಯಂಥ ಕಡೆ ಇರಬೇಕು, ಕನಿಷ್ಠ 100ರಲ್ಲಿ 10 ಮನೆಗೆ ಇರಬೇಕು ಅಂದರು. ಉಳಿದ 90 ಮನೆ ಕತ್ತಲಲ್ಲಿದ್ದರೂ ಊರಿಗೆ ಬೆಳಕು ಬಂದಂತೆ. ನಾನೂ ಹೋದ ವಾರ ಅದೇ ಲೆಕ್ಕದಲ್ಲಿ ಬರೆದಿದ್ದೆ. ನಮ್ಮ ಮೂರು ಬಲ್ಬ್ ಹತ್ತಿದವು, ಊರಿಗೆ ಕರೆಂಟ್ ಬಂತು ಅಂದೆ.

ಇಲ್ಲಿಗೆ ನಿಲ್ಲಿಸಬೇಕು ಅಂತ ಕೂತಿದ್ದೆ. ಆದರೆ ಇನ್ನೊಂದು ಮಾತಿದೆ.

ನಿನ್ನ ನಿವೃತ್ತಿಯ ದಿನ ನೀನು ಮಾತಾಡಿದ್ದು ನೆನಪಿದೆಯಾ? ಹಾರ ಹಾಕಿಸಿಕೊಂಡು ಮೈಕ್ ಹಿಡಿದು ಅದೇ ಕತೆ ಹೇಳಿದೆ. 'ಕರೆಂಟಿಗೆ ನೀರು ದಾಟೂದು ಬರಂಗಿಲ್ಲ, ಅದಕ್ಕ ನಮ್ಮ ಕೇರಿಗೆ ಬರಲಿಲ್ಲ ಅಂತ ಏಳನೇತ್ತೆ ತನಕ ನಂಬಿದ್ದೆ, ಅಂಥಾವ ಮೂವತ್ತು ವರ್ಷ ವಿಜ್ಞಾನ ಕಲಿಸಿದೆ' ಅಂದೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ನೀನೂ ನಕ್ಕೆ. ಮುಂದಿನ ಸಾಲಿನಲ್ಲಿ ಕೂತಿದ್ದ ನಾನೂ ನಕ್ಕೆ. ನಲವತ್ತೈದು ವರ್ಷದಿಂದ ನಾವು ಅದಕ್ಕೆ ನಗುತ್ತಾ ಬಂದಿದ್ದೇವೆ.

ಆ ಮಾತು ನಿನಗೆ ಹೇಳಿದ್ದು ನಾನು. ಅದು ನಿನಗೆ ಗೊತ್ತು. ನಾನು ಯಾಕೆ ಹೇಳಿದೆ ಅನ್ನುವುದು ಗೊತ್ತಿಲ್ಲ.

ಕಂಬ ಹಾಕಲು ಅಳತೆ ಮಾಡಲು ಬಂದವರು ನಮ್ಮ ಪಡಸಾಲೆಯಲ್ಲಿ ಕೂತಿದ್ದರು. ನಾನು ಚಹಾ ಕೊಡುತ್ತಿದ್ದೆ. ಅವರಲ್ಲಿ ಒಬ್ಬರು ಅಪ್ಪನನ್ನು ಕೇಳಿದರು. 'ಹಳ್ಳದ ಆಚಿ ಮನಿಗೋಳಿಗೂ ಎರಡು ಕಂಬ ಹಾಕಿಬಿಡೂಣೇನ್ರಿ?' ಅಪ್ಪ ಚಹಾ ಬಸಿಗೆ ಸುರಿದುಕೊಂಡು ಕುಡಿದರು. ಆಮೇಲೆ ಅಂದರು. 'ಅವರಿಗೇನ ಅವಸರ? ಆ ಎರಡು ಕಂಬ ನಮ್ಮ ಕಣದ ಕಡೆ ಹಾಕ್ರಿ. ಸುಗ್ಗ್ಯಾಗ ರಾತ್ರಿ ರಾಶಿ ಮಾಡಾಕ ಆಗ್ತೈತಿ.' ಅಷ್ಟೇ. ಸಿಟ್ಟಿಲ್ಲ, ದನಿ ಏರಿಸಲಿಲ್ಲ. ಜೋಳದ ಧಾರಣೆ ಮಾತಾಡಿದಷ್ಟು ಸಲೀಸಾಗಿ ಮುಗಿಯಿತು.

ಮರುದಿನ ನೀನು ಕೇಳಿದೆ. 'ನಮ್ಮ ಕೇರಿಗೆ ಯಾವಾಗಲೇ?' ನನಗೆ ಅಪ್ಪನ ಮಾತು ಹೇಳಲು ಬಾಯಿ ಬರಲಿಲ್ಲ. ಬಾಯಿಗೆ ಬಂದದ್ದು ಹಳ್ಳ. ವರ್ಷದಲ್ಲಿ ಎಂಟು ತಿಂಗಳು ನೀರೇ ಇರದ ಹಳ್ಳ. ಮಹಾನದಿಯೇನೂ ಅಲ್ಲ, ನಾವು ದಿನಾ ಚಪ್ಪಲಿ ಒದ್ದೆಯಾಗದೆ ದಾಟುತ್ತಿದ್ದೆವು. ನೀರಿನಿಂದಲೇ ಹುಟ್ಟಿ, ಅಷ್ಟು ದೂರದಿಂದ ಎಷ್ಟೋ ಹೊಳೆ ದಾಟಿ ಬಂದ ಕರೆಂಟು ಆ ಒಣ ಹಳ್ಳ ದಾಟಲಾರದು ಅಂತ ನಾನು ಹೇಳಿದೆ. ನಾನು ಹೇಳಿದ್ದಕ್ಕೆ ನೀನು ನಂಬಿದೆ. ಹಾಗಾಗಿ ಅದು ನಿನ್ನ ದಡ್ಡತನದ ಕತೆ ಅಲ್ಲ. ಇನ್ನು ಮುಂದೆ ಅದನ್ನು ಹಾಗೆ ಹೇಳಬೇಡ.

ನೀನು ಸಂಜೆ ಓದಲು ನಮ್ಮ ಮನೆಗೆ ಬರುತ್ತಿದ್ದೆ ಅಂತ ಹೋದ ವಾರ ಬರೆದಿದ್ದೆ. ಅದನ್ನೂ ಸರಿ ಮಾಡುತ್ತೇನೆ. ನೀನು ನಮ್ಮ ಮನೆಯ ಕಟ್ಟೆಗೆ ಬರುತ್ತಿದ್ದೆ. ಕಿಟಕಿಯಿಂದ ಬಿದ್ದ ಬೆಳಕಿನ ಪಟ್ಟಿಯಲ್ಲಿ ಪುಸ್ತಕ ಹಿಡಿದು ಕೂರುತ್ತಿದ್ದೆ. ನಾನು ಒಳಗೆ, ಬಲ್ಬಿನ ಕೆಳಗೆ. ಹೊಸ್ತಿಲು ದಾಟಿ ನೀನು ಬರುತ್ತಿರಲಿಲ್ಲ. ಬರಗೊಡುತ್ತಿರಲಿಲ್ಲ ಅನ್ನುವುದೇ ಸರಿಯಾದ ಮಾತು. ಮಲಗುವ ಹೊತ್ತಿಗೆ ಅಪ್ಪ ಬಟನ್ ಒತ್ತಿ ದೀಪ ಆರಿಸುತ್ತಿದ್ದರು. ಹೊರಗೆ ನೀನು ಸಾಲಿನ ನಡುವೆ ಇರುತ್ತಿದ್ದೆ. ಒಂದು ದಿನವೂ ನಾನು 'ಅಪ್ಪಾ, ಇನ್ನೂ ಸ್ವಲ್ಪ ಹೊತ್ತು' ಅನ್ನಲಿಲ್ಲ. ಹತ್ತು ವರ್ಷದ ಹುಡುಗ ಏನು ಮಾಡಿಯಾನು ಅಂತ ನೀನು ಹೇಳುತ್ತೀಯ. ಒಂದು ಮಾತು ಹೇಳಬಹುದಿತ್ತು.

ಅಪ್ಪ ಕೆಟ್ಟವರಾಗಿರಲಿಲ್ಲ ಅಂತ ಬರೆದು ಎರಡು ಸಲ ಅಳಿಸಿದೆ. ನಿಮ್ಮಪ್ಪನಿಗೆ ಜ್ವರ ಬಂದಾಗ ಚಕ್ಕಡಿ ಕಟ್ಟಿಸಿ ರೋಣಕ್ಕೆ ಕಳಿಸಿದವರು ಅವರೇ. ಕಂಬ ತಿರುಗಿಸಿದವರೂ ಅವರೇ. ಎರಡನ್ನೂ ಇಟ್ಟುಕೊಂಡು ನಾನು ಏನು ಮಾಡಲಿ, ತಿಳಿಯುವುದಿಲ್ಲ.

ಆಮೇಲೆ ಸರ್ಕಾರದ ಭಾಗ್ಯಜ್ಯೋತಿ ಯೋಜನೆ ಬಂತು. ಬಡವರ ಮನೆಗೆ ಒಂದೇ ಒಂದು ಬಲ್ಬ್. ನಾನಾಗ ಧಾರವಾಡದಲ್ಲಿ ಕಾಲೇಜು. ಸಪ್ತಾಪುರದ ರೂಮಿಗೆ ನಿನ್ನ ಇನ್‌ಲ್ಯಾಂಡ್ ಪತ್ರ ಬಂತು. 'ಹಳ್ಳ ದಾಟಿತಲೇ! ಬಲ್ಬಿನ ಕೆಳಗೇ ಕೂತು ಬರೀತಾ ಇದ್ದೀನಿ. ಅವ್ವ ಅಕ್ಕಿ ಆರಿಸುತ್ತಿದ್ದಾಳೆ, ರಾತ್ರಿ ಎಂಟಕ್ಕೆ!' ಆ ಬೆಳಕು ಎಷ್ಟಿತ್ತು ಅಂತ ರಜೆಗೆ ಬಂದಾಗ ನೋಡಿದ್ದೆ. ಟಿಸಿಯಿಂದ ದೂರ ಹೋದಷ್ಟೂ ವೋಲ್ಟೇಜ್ ಇಳಿಯುತ್ತದೆ, ನಿಮ್ಮದು ಸಾಲಿನ ಕೊನೆ. ಗಿರಣಿ ಶುರುವಾದರೆ ನಿಮ್ಮ ಬಲ್ಬ್ ಕುಂಬಳ ಹೂವಿನ ಬಣ್ಣಕ್ಕೆ ತಿರುಗುತ್ತಿತ್ತು. 230 ವೋಲ್ಟ್ ಬರಬೇಕಾದಲ್ಲಿ 160 ಬಂದರೆ ಬೆಳಕು ಅರ್ಧಕ್ಕಿಂತ ಕಡಿಮೆಯಾಗುತ್ತದೆ ಅಂತ ಆಮೇಲೆ ನನಗೆ ಲೆಕ್ಕ ಹಾಕಿ ತೋರಿಸಿದವನು ನೀನೇ. ಅದೇ ಬೆಳಕಲ್ಲಿ ನೀನು ಪಿಯುಸಿ ಮುಗಿಸಿದೆ.

ಆ ಪತ್ರಕ್ಕೆ ನಾನು ಉತ್ತರ ಬರೆಯಲಿಲ್ಲ. ಪರೀಕ್ಷೆ ಇತ್ತು ಅಂತ ಹೇಳಿದ್ದೆ. ಪರೀಕ್ಷೆ ಇರಲಿಲ್ಲ. 'ಹಳ್ಳ ದಾಟಿತಲೇ' ಅನ್ನುವುದಕ್ಕೆ ಏನು ಬರೆಯಬೇಕು ಅಂತ ತಿಳಿಯದೆ ಪತ್ರ ಮಡಚಿ ಟ್ರಂಕಿನ ತಳಕ್ಕೆ ಇಟ್ಟೆ. ಇನ್ನೂ ಇದೆ. ನೀಲಿ ಕಾಗದ ಮಡಿಕೆಯಲ್ಲಿ ಹರಿದಿದೆ. ಅಕ್ಷರ ಚೆನ್ನಾಗಿವೆ, ನಿನ್ನ 'ಳ' ಆಗಲೂ ಹಾಗೇ ಇತ್ತು.

ಬಹಳ ಬರೆದೆ. ಇಷ್ಟು ಬರೆಯಬೇಕು ಅಂತ ಕೂತಿರಲಿಲ್ಲ. ಓದುತ್ತಿರುವ ಉಳಿದವರು ನಮ್ಮನ್ನು ಇಷ್ಟಕ್ಕೇ ಬಿಡಲಿ. ನಿಮ್ಮ ಊರಿನಲ್ಲಿ ಕೊನೆಯ ಕಂಬ ಎಲ್ಲಿ ನಿಂತಿತ್ತು ಅಂತ ಮನೆಯ ಹಿರಿಯರನ್ನು ಕೇಳಿ, ನನಗೂ ಹೇಳಿ.

ನೀನು ಬರುವ ರವಿವಾರ ಹುಬ್ಬಳ್ಳಿಗೆ ಬಾ. ಹಾವೇರಿಯಿಂದ ಬೆಳಗಿನ ಬಸ್ಸಿಗೆ ಕೂತರೆ ತಿಂಡಿ ಹೊತ್ತಿಗೆ ಇಲ್ಲಿರುತ್ತೀಯ. ಗಿರಮಿಟ್ಟು, ಮಿರ್ಚಿ ನನ್ನ ಲೆಕ್ಕ. ಮೂರನೇ ಮಿರ್ಚಿ ಯಾರದು ಅಂತ ಈ ಸಲ ಜಗಳ ಬೇಡ, ನಿನ್ನದೇ. ಮಧ್ಯಾಹ್ನ ಇಬ್ಬರೂ ಊರಿಗೆ ಹೋಗಿ ಬರೋಣ. ಕಣದ ಕಡೆ ಹಾಕಿದ್ದ ಆ ಎರಡು ಕಂಬ ಇನ್ನೂ ನಿಂತಿವೆ. ಎರಿ ಮಣ್ಣು ಉಬ್ಬಿ ಬಿರಿದು ಒಂದು ವಾಲಿದೆ. ನಿನಗೆ ತೋರಿಸಬೇಕು.

ಈಗ ಆ ಇನ್‌ಲ್ಯಾಂಡಿಗೆ ಉತ್ತರ.

ನಿನ್ನ ಪತ್ರ ತಲುಪಿತು. ನಿಮ್ಮ ಮನೆಗೆ ಬೆಳಕು ಬಂದ ಸುದ್ದಿ ಓದಿ ಬಹಳ ಸಂತೋಷವಾಯಿತು. ನಾನೂ ಅಲ್ಲಿರಬೇಕಿತ್ತು. ಅವ್ವನಿಗೆ ನಮಸ್ಕಾರ ತಿಳಿಸು. ಇಲ್ಲಿ ನಾನು ಕ್ಷೇಮ.

ನಿನ್ನ ದೋಸ್ತ