ಸ್ಟೇರಿಂಗ್ ಬಿಗಿಯಾದ ಕೂಡಲೇ ಪಂಪ್ ಬದಲಿಸಬೇಡಿ

ಮಾನ್ಯ ಸಂಪಾದಕರೇ,

ಸಂಪಾಜೆ ಘಾಟಿಯಲ್ಲೋ ಮಾಕುಟ್ಟದಲ್ಲೋ ಲಾರಿ ಮಗುಚಿದರೆ ಮರುದಿನ ಪತ್ರಿಕೆಯಲ್ಲಿ ‘ಚಾಲಕನ ನಿಯಂತ್ರಣ ತಪ್ಪಿ’ ಎಂದು ಬರುತ್ತದೆ. ಯಾಕೆ ತಪ್ಪಿತು ಎನ್ನುವುದು ಮಾತ್ರ ಆಮೇಲೂ ಗೊತ್ತಾಗುವುದಿಲ್ಲ. ಎಲ್ಲ ಸಲವೂ ಅದು ಚಾಲಕನ ತಪ್ಪೇ ಆಗಿರಬೇಕಿಲ್ಲ. ನಾನು ಕೊಡಗಿನ ಸುಂಟಿಕೊಪ್ಪದವನು, ಸ್ವಂತ ಲಾರಿ ಓಡಿಸುತ್ತೇನೆ. ಕಾಫಿ ಸೀಸನ್ನಿನಲ್ಲಿ ತೋಟಗಳಿಂದ ಕುಶಾಲನಗರದ ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ಗಳಿಗೆ ಮೂಟೆ ಹೊಡೆಯುತ್ತೇನೆ. ಉಳಿದ ದಿನಗಳಲ್ಲಿ ಸಿಲ್ವರ್ ಮರ ತುಂಬಿಕೊಂಡು ಘಾಟಿ ಇಳಿಯುತ್ತೇನೆ. ಹಳೇ ಲಾರಿಗಳ ಪವರ್ ಸ್ಟೇರಿಂಗ್ ವಿಷಯದಲ್ಲಿ ನಮ್ಮ ಜಿಲ್ಲೆಯಲ್ಲಿ ದುಡ್ಡೂ ಹೋಗುತ್ತಿದೆ, ಜೀವಕ್ಕೂ ಅಪಾಯವಿದೆ. ಅದಕ್ಕೇ ಈ ಪತ್ರ.

ಕಳೆದ ಮಳೆಗಾಲ ಮುಗಿಯುತ್ತಿದ್ದ ಹಾಗೆ ನನ್ನ ಲಾರಿಯ ಸ್ಟೇರಿಂಗ್ ಎರಡೂ ಕಡೆಗೆ ಬಿಗಿಯಾಯಿತು. ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ವಾಪಸ್ ಬರುತ್ತಿರಲಿಲ್ಲ, ಎಳೆದು ತರಬೇಕಿತ್ತು. ಗ್ಯಾರೇಜಿನವರು ನೋಡಿದ ಕೂಡಲೇ ‘ಪಂಪ್ ಹೋಗಿದೆ’ ಎಂದರು. ಸ್ಟೇರಿಂಗ್ ಹಗುರವಾಗಲು ಆಯಿಲ್ ಒತ್ತಿ ಕೊಡುವ ಪಂಪ್ ಅದು. ಹೊಸ ಪಂಪ್ ಬಂತು, ಬಿಗಿತ ಹೋಗಲಿಲ್ಲ. ಆಮೇಲೆ ಸ್ಟೇರಿಂಗಿನ ಗೇರ್ ಬಾಕ್ಸ್ ಬಿಚ್ಚಿ ಸೀಲ್ ಕಿಟ್ ಹಾಕಿದರು. ಆಗಲೂ ಅಷ್ಟೇ.

ಕೊನೆಗೆ ಸೋಮವಾರಪೇಟೆ ಕಡೆಯ ಒಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಮೊದಲು ಟೈರ್ ಗಾಳಿ ನೋಡಿದರು. ಮುಂಭಾಗಕ್ಕೆ ಜಾಕ್ ಕೊಟ್ಟು, ಸ್ಟ್ಯಾಂಡ್ ಇಟ್ಟು, ಸ್ಟೇರಿಂಗ್ ಬಾಕ್ಸಿನಿಂದ ಚಕ್ರದ ಕಡೆಗೆ ಹೋಗುವ ಸರಳು, ಅಂದರೆ ಡ್ರ್ಯಾಗ್ ಲಿಂಕ್ ಬಿಡಿಸಿದರು. ಎಂಜಿನ್ ಸ್ಟಾರ್ಟ್ ಮಾಡಿ ‘ತಿರುಗಿಸಿ ನೋಡಿ ಅಣ್ಣಾ’ ಎಂದರು. ಸ್ಟೇರಿಂಗ್ ಒಂದು ಬೆರಳಿಗೆ ತಿರುಗಿತು. ಅಂದರೆ ಪಂಪ್, ಬಾಕ್ಸ್ ಎರಡೂ ಸರಿಯಿವೆ, ಬಿಗಿ ಇರುವುದು ಕೆಳಗೆ. ಮುಂದಿನ ಎರಡು ಚಕ್ರಗಳನ್ನು ಜೋಡಿಸುವ ಟೈ ರಾಡ್ ಕೂಡ ಕಳಚಿ ಒಂದೊಂದೇ ಚಕ್ರವನ್ನು ಕೈಯಲ್ಲಿ ತಳ್ಳಿದರು. ಎಡಗಡೆಯದು ಸಲೀಸಾಗಿ ಹೊರಳಿತು. ಬಲಗಡೆಯದು ಕದಲಲೇ ಇಲ್ಲ. ಚಕ್ರ ಅತ್ತಿತ್ತ ಹೊರಳುವ ಗೂಟ, ಅಂದರೆ ಕಿಂಗ್ ಪಿನ್ನಿನ ಬೇರಿಂಗ್ ತುಕ್ಕು ಹಿಡಿದು ಕೂತಿತ್ತು. ಪಂಪಿಗೆ ಕೊಟ್ಟ ದುಡ್ಡಿನ ಮುಂದೆ ಆ ರಿಪೇರಿಯ ಖರ್ಚು ಏನೂ ಅಲ್ಲ.

ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ತೋಟದ ರಸ್ತೆಗಳ ಕೆಸರು, ನೀರು ನೇರವಾಗಿ ಮುಂದಿನ ಆಕ್ಸಲಿಗೆ ಬಡಿಯುತ್ತದೆ. ಗ್ರೀಸ್ ತೊಳೆದು ಹೋಗುತ್ತದೆ. ಚಕ್ರ ನೆಲದ ಮೇಲಿರುವಾಗಲೇ ಸುಮ್ನೆ ಗ್ರೀಸ್ ಗನ್ ಒತ್ತಿದರೆ ಭಾರ ಬಿದ್ದ ಬೇರಿಂಗ್ ಒಳಗೆ ಗ್ರೀಸ್ ಸರಿಯಾಗಿ ಹೋಗುವುದಿಲ್ಲ. ಜಾಕ್ ಹಾಕಿ ಎತ್ತಿ, ಚಕ್ರವನ್ನು ಅತ್ತಿತ್ತ ಹೊರಳಿಸುತ್ತಾ ಹೊಡೆಯಬೇಕು. ಮಳೆಗೆ ಮುಂಚೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆಯಾದರೂ ಇದು ಆಗಲೇಬೇಕು.

ಪಂಪ್ ಕೆಡುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಆದರೆ ಲಾರಿಯೇ ಗುರುತು ಕೊಡುತ್ತದೆ. ಒಂದೇ ಕಡೆಗೆ ಬಿಗಿಯಾದರೆ ಪಂಪನ್ನು ದೂರಬೇಡಿ, ಅದು ಎರಡೂ ಕಡೆಗೆ ಒಂದೇ ಆಯಿಲ್ ಕೊಡುತ್ತದೆ. ಬಾಕ್ಸಿನ ಒಳಗಿನ ವಾಲ್ವ್, ಸೀಲ್ ನೋಡಿ. ಆಯಿಲ್ ಟ್ಯಾಂಕಿನಲ್ಲಿ ನೊರೆ ಇದ್ದು, ತಿರುಗಿಸುವಾಗ ಪಂಪ್ ಕೊಂಯ್ ಎಂದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಟ್ಯಾಂಕಿನಿಂದ ಪಂಪಿಗೆ ಹೋಗುವ ಹೋಸ್, ಅದರ ಕ್ಲಿಪ್ ಮೊದಲು ನೋಡಿ. ಟ್ಯಾಂಕಿನೊಳಗಿನ ಫಿಲ್ಟರ್ ಕಟ್ಟಿಕೊಂಡರೂ ಇದೇ ಕಥೆ. ಐಡಲ್‌ನಲ್ಲಿ ಬಿಗಿ, ಆಕ್ಸಿಲರೇಟರ್ ಕೊಟ್ಟರೆ ಹಗುರ ಎಂದಾಗ ಪಂಪ್ ಸವೆದಿರಬಹುದು. ಬೆಲ್ಟ್‌ನಲ್ಲಿ ಓಡುವ ಪಂಪ್ ಆದರೆ ಬೆಲ್ಟ್ ಸಡಿಲವಾಗಿದೆಯಾ ಅಂತಲೂ ನೋಡಬೇಕು. ಪಂಪ್ ಸವೆದಿದೆ ಎನ್ನುವುದನ್ನೂ ಆಯಿಲ್ ಒತ್ತಡ ಅಳೆಯುವ ಪ್ರೆಶರ್ ಗೇಜ್ ಹಾಕಿ ಖಚಿತ ಮಾಡಿಕೊಳ್ಳಬೇಕು. ಗೇಜಿನ ವಾಲ್ವ್ ಮುಚ್ಚಿ ನೋಡುವುದು ಕೆಲವೇ ಸೆಕೆಂಡು, ಜಾಸ್ತಿ ಹೊತ್ತು ಹಿಡಿದರೆ ಸರಿಯಿದ್ದ ಪಂಪೂ ಹಾಳಾಗುತ್ತದೆ. ಆಯಿಲ್ ಕಡಿಮೆಯಾದರೆ ಕೈಗೆ ಸಿಕ್ಕ ಬ್ರೇಕ್ ಆಯಿಲ್ ಸುರಿಯಬೇಡಿ, ರಬ್ಬರ್ ಸೀಲ್ ಊದಿಕೊಳ್ಳುತ್ತದೆ. ಲಾರಿಯ ಪುಸ್ತಕದಲ್ಲಿ ಹೇಳಿರುವ ಆಯಿಲ್ ಮಾತ್ರ ಹಾಕಿ.

ಚಾಲಕ ತಮ್ಮಂದಿರಿಗೂ ಒಂದು ಮಾತು. ಡೀಸೆಲ್ ಉಳಿಸಲು ಮಡಿಕೇರಿಯಿಂದ ಕೆಳಗೆ ನ್ಯೂಟ್ರಲ್‌ನಲ್ಲಿ ಇಳಿಯುವವರನ್ನು ಈಗಲೂ ನೋಡುತ್ತೇನೆ. ನಡುವೆ ಎಂಜಿನ್ ನಿಂತರೆ ಪಂಪೂ ನಿಲ್ಲುತ್ತದೆ, ಲೋಡ್ ಲಾರಿಯ ಸ್ಟೇರಿಂಗ್ ಕಲ್ಲಿನ ಹಾಗಾಗುತ್ತದೆ. ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರ್ ಕೂಡ ನಿಲ್ಲುತ್ತದೆ. ಮುಂದೆ ತಿರುವು ಇದ್ದರೆ ಏನು ಮಾಡುತ್ತೀರಿ? ದಯವಿಟ್ಟು ಗೇರ್‌ನಲ್ಲೇ ಇಳಿಯಿರಿ.

ನನ್ನ ಕೋರಿಕೆ ಎರಡು. ಪ್ರೆಶರ್ ಗೇಜ್ ಇಟ್ಟುಕೊಂಡಿರುವ ಗ್ಯಾರೇಜ್ ನಮ್ಮ ಕಡೆ ಕಡಿಮೆ. ಲಾರಿ ಮಾಲೀಕರು ಸೇರಿ ಮಡಿಕೇರಿ, ಕುಶಾಲನಗರ, ವಿರಾಜಪೇಟೆಗೆ ಒಂದೊಂದು ತಂದಿಡಬೇಕು. ಬೇಕಾದವರು ಬಳಸಿ ವಾಪಸ್ ಕೊಡಲಿ, ನನ್ನ ಪಾಲಿನ ಹಣ ಕೊಡಲು ನಾನು ತಯಾರು. ಇನ್ನೊಂದು ಸಾರಿಗೆ ಇಲಾಖೆಗೆ. ಎಂಟು ವರ್ಷ ದಾಟಿದ ಲಾರಿಗೆ ಪ್ರತಿ ವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ತಪಾಸಣೆ ಆಗುತ್ತದೆ. ಘಾಟಿ ಇಳಿಯುವ ಹಳೇ ಲಾರಿಗಳಿಗಾದರೂ ಆಗ ಮುಂಭಾಗ ಎತ್ತಿಸಿ, ಕಿಂಗ್ ಪಿನ್, ಟೈ ರಾಡ್, ಡ್ರ್ಯಾಗ್ ಲಿಂಕ್ ಕೈಯಲ್ಲಿ ಅಲುಗಾಡಿಸಿ ನೋಡಲಿ. ಮೇ ತಿಂಗಳೊಳಗೆ ಇಂಥ ತಪಾಸಣೆ ಇಟ್ಟರೆ ನನ್ನ ಲಾರಿಯನ್ನೇ ಮೊದಲು ತರುತ್ತೇನೆ.

ಇಂತಿ,
ಒಬ್ಬ ಲಾರಿ ಮಾಲೀಕ ಮತ್ತು ಚಾಲಕ
ಸುಂಟಿಕೊಪ್ಪ, ಕೊಡಗು