ಹೈಸ್ಕೂಲ್ ಲೈಬ್ರರಿಗೆ ಕೆನಡಾ ಕಾದಂಬರಿಗಳು: ಹೆಸರು ಕಳಿಸಿ

ಒಂಟಾರಿಯೊದ ಪೋಷಕರೆಲ್ಲರಿಗೂ ನಮಸ್ಕಾರ. ಮಕ್ಕಳ ಶಾಲೆಯ ಲೈಬ್ರರಿಗೆ ಪುಸ್ತಕ ಸೂಚಿಸುವಾಗ ಅಮೆರಿಕದ ದೊಡ್ಡ ಸರಣಿಗಳು ಬೇಡ. ಅವು ಹೇಗೂ ಬಂದೇ ಬರುತ್ತವೆ, ಅಲ್ವಾ? ಈ ಸಲ ಕೆನಡಾದ ಲೇಖಕರನ್ನೇ ಹುಡುಕೋಣ.

ಮೊದಲು ಒಂಟಾರಿಯೊ ಲೈಬ್ರರಿ ಅಸೋಸಿಯೇಷನ್‌ನ 'ಫಾರೆಸ್ಟ್ ಆಫ್ ರೀಡಿಂಗ್' ಪಟ್ಟಿ ನೋಡಿ, ಅದು ಪ್ರಶಸ್ತಿಗೆ ಆರಿಸಿದ ಕೆನಡಾದ ಪುಸ್ತಕಗಳ ಪಟ್ಟಿ. ಹೈಸ್ಕೂಲಿಗೆ 'ವೈಟ್ ಪೈನ್', 7-8ನೇ ತರಗತಿಗೆ 'ರೆಡ್ ಮೇಪಲ್'. ಗೆಲ್ಲುವ ಪುಸ್ತಕವನ್ನು ಆರಿಸುವುದು ಓದಿದ ಮಕ್ಕಳ ಓಟು. ಅದಕ್ಕೇ ಈ ಪಟ್ಟಿಯ ಮೇಲೆ ನನಗೆ ನಂಬಿಕೆ ಜಾಸ್ತಿ.

ನನ್ನ ಆಯ್ಕೆ ಶೆರಿ ಡಿಮಲೈನ್ ಅವರ 'ದಿ ಮ್ಯಾರೋ ಥೀವ್ಸ್'. ಲೇಖಕಿ ಕೆನಡಾದ ಮೂಲನಿವಾಸಿಗಳಲ್ಲಿ ಒಂದಾದ ಮೇಟಿ ಸಮುದಾಯದವರು. 2017ರಲ್ಲಿ ಇದಕ್ಕೆ ಕೆನಡಾದ ಗವರ್ನರ್ ಜನರಲ್ ಸಾಹಿತ್ಯ ಪ್ರಶಸ್ತಿ ಬಂತು. ಜನರಿಗೆ ಕನಸು ಬೀಳುವುದೇ ನಿಂತುಹೋದ ಕಾಲದ ಕಥೆ. ಮೂಲನಿವಾಸಿಗಳಿಗೆ ಮಾತ್ರ ಕನಸು ಉಳಿದಿದೆ, ಅದಕ್ಕಾಗಿ ಅವರನ್ನು ಬೇಟೆಯಾಡುತ್ತಾರೆ. ಮೂಲನಿವಾಸಿ ಮಕ್ಕಳನ್ನು ಮನೆಯವರಿಂದ ದೂರ ಮಾಡಿ ಇಡುತ್ತಿದ್ದ ಹಿಂದಿನ ರೆಸಿಡೆನ್ಶಿಯಲ್ ಶಾಲೆಗಳ ನೋವು ಕಥೆಯುದ್ದಕ್ಕೂ ಇದೆ. ಈ ನೆಲದಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಅದು ಗೊತ್ತಿರಲೇಬೇಕು. ಹಿಂಸೆ ಇರುವುದರಿಂದ 9ನೇ ತರಗತಿಗಿಂತ ಕೆಳಗಿನವರಿಗೆ ಬೇಡ.

ಹಿಂಬದಿಯ ರಕ್ಷಾಪುಟ ಓದಿ ಸುಮ್ನೆ ಹೆಸರು ಕಳಿಸಬೇಡಿ. ಪೂರ್ತಿ ಓದಿದ್ದನ್ನು ಮಾತ್ರ, ಯಾವ ವಯಸ್ಸಿಗೆ ಅಂತ ಒಂದು ಸಾಲು ಸೇರಿಸಿ, ಭಾನುವಾರದೊಳಗೆ ಇಲ್ಲೇ ಹಾಕಿ. ಮಕ್ಕಳನ್ನೂ ಕೇಳಿ.